‘ಲೆಟ್’ ಅಂದರೆ ಬಿಡು ಅಂತ ಬರೆದು ಬಂದವಳ ನಿಘಂಟು ಪಾಠ

ಎಂ.ಎ. ಇಂಗ್ಲಿಷ್ ಸೇರಿದ ವರ್ಷ ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುತ್ತಿದ್ದೆ. ಬ್ಯಾಗಿನಲ್ಲಿ ಒಂದು ಟಿಫನ್ ಡಬ್ಬಿ, ಅಪ್ಪ ಕೊಡಿಸಿದ್ದ ಒಂದು ಪಾಕೆಟ್ ಡಿಕ್ಷನರಿ. ಅದೊಂದಿದ್ದರೆ ಶೇಕ್ಸ್‌ಪಿಯರನ್ನೂ ದಾಟಿಬಿಡಬಹುದು ಅನ್ನೋ ಧೈರ್ಯ. ಟೆಸ್ಟಿನಲ್ಲಿ ಹ್ಯಾಮ್ಲೆಟ್ ಬಂತು. ಅಪ್ಪನ ಪ್ರೇತದ ಹಿಂದೆ ಹೊರಟವನನ್ನು ಗೆಳೆಯರು ಹಿಡಿದುಕೊಳ್ಳುತ್ತಾರಲ್ಲ, ಆಗ ಅವನು ‘ಐ ವಿಲ್ ಮೇಕ್ ಎ ಘೋಸ್ಟ್ ಆಫ್ ಹಿಮ್ ದಟ್ ಲೆಟ್ಸ್ ಮಿ’ ಅನ್ನುತ್ತಾನೆ. ‘ನನ್ನನ್ನು ಹೋಗಲು ಬಿಟ್ಟವನನ್ನು ದೆವ್ವ ಮಾಡಿಬಿಡುತ್ತೇನೆ’ ಅಂತ ವಿವರಿಸಿ ಬಂದೆ. ಹೋಗಲು ಬಿಟ್ಟವನನ್ನು ಯಾಕೆ ಸಾಯಿಸಬೇಕು ಅಂತ ಹೊಳೆಯಲೇ ಇಲ್ಲ. ಪೇಪರ್ ವಾಪಸ್ ಬಂದಾಗ ಅಲ್ಲೊಂದು ಕೆಂಪು ಸುತ್ತು, ಪಕ್ಕದಲ್ಲಿ ಒಂದೇ ಪದ: ‘ಉಲ್ಟಾ’.

ಈಗ ಶನಿವಾರ ಸಂಜೆ ನಮ್ಮ ಜಗಲಿಗೆ ಪಾಠಕ್ಕೆ ಬರುವ ಮಕ್ಕಳಿಗೆ ಮೊದಲು ಈ ಕತೆ. ಕಷ್ಟದ ಪದವನ್ನು ಎಲ್ಲರೂ ಹುಡುಕುತ್ತಾರೆ ಕಣ್ರೋ, ಮೋಸ ಮಾಡೋದು ಗೊತ್ತಿರೋ ಪದವೇ. ಸಾಲು ಹೊಂದಿಕೊಳ್ಳದಿದ್ದರೆ ಅದರಲ್ಲಿನ ಅತಿ ಸುಲಭದ ಪದದ ಮೇಲೆ ಅನುಮಾನ ಪಡಿ. ಜೂಲಿಯೆಟ್ಟಳ ‘ವೇರ್‌ಫೋರ್’ ಅಂದರೆ ‘ಎಲ್ಲಿ’ ಅಲ್ಲ, ‘ಯಾಕೆ’. ಶೇಕ್ಸ್‌ಪಿಯರನಲ್ಲಿ ‘ಪ್ರೆಸೆಂಟ್ಲಿ’ ಬಂದರೆ ಹೆಚ್ಚಾಗಿ ‘ಈ ಕೂಡಲೇ’. ‘ನೈಸ್’ ಅಂತೂ ಶುರುವಿನಲ್ಲಿ ‘ಪೆದ್ದ’ ಅಂತಿದ್ದ ಪದ.

ಅನುಮಾನ ಬಂದ ಮೇಲೆ ಯಾವ ಡಿಕ್ಷನರಿ ತೆಗೆಯಬೇಕು? ಹಾರ್ನ್‌ಬಿ ಶುರು ಮಾಡಿದ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಇವತ್ತಿನ ಇಂಗ್ಲಿಷಿಗೆ, ನೀವು ಬರೆಯುವ ವಾಕ್ಯಕ್ಕೆ. ಹಳೆಯ ಪಠ್ಯಕ್ಕೆ ಅದು ಸಾಲದು. ಅದಕ್ಕೆ ದೊಡ್ಡ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯೇ ಬೇಕು. 1884ರಲ್ಲಿ ಮೊದಲ ಕಂತು ಬಂದು, ಮುಗಿಯುವಷ್ಟರಲ್ಲಿ 1928. 1989ರ ಎರಡನೇ ಆವೃತ್ತಿ 20 ಸಂಪುಟ. ಮನೆಗೆ ಕೊಡುವುದಿಲ್ಲ, ಲೈಬ್ರರಿಯ ರೆಫರೆನ್ಸ್ ವಿಭಾಗದಲ್ಲೇ ಕೂತು ನೋಡಬೇಕು. ನಾನು ಆ ಕೆಂಪು ಸುತ್ತಿನ ಪೇಪರ್ ಹಿಡಿದೇ ಹೋಗಿ ಕೂತಿದ್ದೆ.

ಪುಟ ತೆರೆದ ಕೂಡಲೇ ಅರ್ಥಕ್ಕೆ ಹಾರಬೇಡಿ. ಅದೇ ಪದ ಎಷ್ಟು ಸಲ ತಲೆಪದವಾಗಿ ಬಂದಿದೆ ಅಂತ ಎಣಿಸಿ. ಕನ್ನಡದಲ್ಲಿ ‘ಆಡು’ ಅಂದರೆ ಮೇಕೆಯ ಜಾತಿಯದೂ ಹೌದು, ಆಟ ಆಡುವುದೂ ಹೌದು. ಅವೆರಡಕ್ಕೂ ಸಂಬಂಧವಿಲ್ಲ, ನಿಘಂಟು ಬೇರೆ ಬೇರೆ ಕೂರಿಸುತ್ತದೆ. ‘ಲೆಟ್’ ಕ್ರಿಯಾಪದವೂ ಹೀಗೇ ಎರಡಿವೆ. ಒಂದು ಬಿಡುವುದು. ಇನ್ನೊಂದು ಬೇರೆಯೇ ಕ್ರಿಯಾಪದ, ಅದು ‘ಲೇಟ್’ ಅನ್ನುವ ಪದದ ನೆಂಟ. ಅದರ ಅರ್ಥ ತಡೆಯುವುದು, ಅಡ್ಡ ಬರುವುದು. ಹ್ಯಾಮ್ಲೆಟ್ ಹೇಳಿದ್ದು ಇದನ್ನು: ನನಗೆ ಅಡ್ಡ ಬಂದವನನ್ನು ದೆವ್ವ ಮಾಡುತ್ತೇನೆ.

ಆಮೇಲೆ ಪ್ರತಿ ಅರ್ಥದ ಕೆಳಗೆ ಸಣ್ಣಕ್ಷರದಲ್ಲಿರುವ ಉದಾಹರಣೆಗಳ ಇಸವಿ ನೋಡಿ. ಹ್ಯಾಮ್ಲೆಟ್ ಸುಮಾರು 1600ರ ನಾಟಕ. ಆ ಕಾಲದ ಆಚೀಚೆ ಐವತ್ತು ವರ್ಷದ ಬಳಕೆ ಸಿಗದ ಅರ್ಥವನ್ನು ಬದಿಗಿಡಿ. ಅರ್ಥದ ಮುಂದೆ ಪುಟ್ಟ ಕಠಾರಿಯಂಥ ಗುರುತಿದ್ದರೆ ಆ ಬಳಕೆ ಸತ್ತಿದೆ ಅಂತ ಲೆಕ್ಕ. ನನ್ನ ಮಟ್ಟಿಗೆ ಈ ಇಸವಿ ನೋಡುವ ಅಭ್ಯಾಸ ಹತ್ತು ಗೈಡುಗಳಿಗಿಂತ ಮೇಲು. ಗೈಡ್ ನೋಡಬೇಡಿ ಅಂದರೆ ನೀವು ಕೇಳುವುದಿಲ್ಲ, ಗೊತ್ತು.

ಲೈಬ್ರರಿ ದೂರವಾದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಮೊದಲ ಆವೃತ್ತಿಯ ಸಂಪುಟಗಳ ಸ್ಕ್ಯಾನ್ ಪುಕ್ಕಟೆ ಸಿಗುತ್ತದೆ. ಪದದ ಮೂಲವಷ್ಟೇ ಸಾಕಾದರೆ ಫೋನಿನಲ್ಲೇ ಎಟಿಮ್‌ಆನ್‌ಲೈನ್ ತೆರೆಯಿರಿ. ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಒದಗಿಸುವ ಎನ್-ಲಿಸ್ಟ್ ಸೌಲಭ್ಯ ನಿಮ್ಮ ಕಾಲೇಜಿಗೆ ಇದೆಯಾ ಅಂತ ಲೈಬ್ರೇರಿಯನ್ ಅವರನ್ನು ಕೇಳಿ. ಇದ್ದರೆ ಯೂಸರ್ ಐಡಿ ಮಾಡಿಸಿಕೊಳ್ಳಿ, ನಾಚಿಕೆ ಬೇಡ.

‘ಐರನಿ’, ‘ಕನ್ಸೀಟ್’ ಥರದ ಸಾಹಿತ್ಯದ ಪರಿಭಾಷೆಗೆ ಏಬ್ರಮ್ಸ್‌ನ ‘ಎ ಗ್ಲಾಸರಿ ಆಫ್ ಲಿಟರರಿ ಟರ್ಮ್ಸ್’ ನೋಡಿ. ಅದರಲ್ಲೊಂದು ಮರ್ಮ ಇದೆ: ಅಕಾರಾದಿಯಲ್ಲಿದ್ದರೂ ಒಂದೊಂದು ನಮೂದೂ ಪುಟ್ಟ ಪ್ರಬಂಧ, ಎಷ್ಟೋ ಪದಗಳು ಬೇರೆ ಪದದ ಹೊಟ್ಟೆಯೊಳಗಿವೆ. ನೇರ ಹುಡುಕಿ ‘ಇಲ್ಲ ಮಿಸ್’ ಅಂತ ಮುಚ್ಚಬೇಡಿ, ಕೊನೆಯ ಸೂಚಿ ತೆಗೆಯಿರಿ. ಲೇಖಕರ ಹುಟ್ಟು, ಸಾವು, ಕೃತಿಗಳ ವರ್ಷಕ್ಕೆ ‘ಆಕ್ಸ್‌ಫರ್ಡ್ ಕಂಪ್ಯಾನಿಯನ್ ಟು ಇಂಗ್ಲಿಷ್ ಲಿಟರೇಚರ್’ ಸಾಕು. ಅಭಿಪ್ರಾಯವನ್ನು ಮಾತ್ರ ಅಲ್ಲಿಂದ ಎರವಲು ತರಬೇಡಿ. ಪುಸ್ತಕ ಕಪಾಟಿಗೆ ಹೋಗುವ ಮೊದಲು ಹೆಸರು, ಆವೃತ್ತಿ, ಪುಟ ಬರೆದುಕೊಳ್ಳಿ. ಒಂದು ಪುಟಸಂಖ್ಯೆ ಮರೆತು ನಾನು ಮತ್ತೊಂದು ದಿನದ ರೈಲಿನ ದುಡ್ಡು ಕಳೆದಿದ್ದೇನೆ.

ಹೋದ ತಿಂಗಳು ಮದ್ದೂರಿನ ಹುಡುಗಿಯೊಬ್ಬಳು ರಾತ್ರಿ ಒಂಬತ್ತಕ್ಕೆ ಫೋಟೊ ಕಳಿಸಿದಳು. ದುಬೈಗೆ ಹೊರಟಿದ್ದ ಅವಳ ಅಣ್ಣನ ಪಾಸ್‌ಪೋರ್ಟ್, ಮೊದಲ ಪುಟ. ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಅನ್ನುವ ಸಾಲಿನ ಕೆಳಗೆ ಬೆರಳಿಟ್ಟಿದ್ದಳು. ಜೊತೆಗೆ ಮೆಸೇಜು: ‘ಮಿಸ್, ನಿಮ್ಮ ಲೆಟ್ ಇಲ್ಲಿ ಇನ್ನೂ ಬದುಕಿದೆ.’