ಹಳೆಯ ಸೇನಾ ಸಮವಸ್ತ್ರದ ಕಾಲ ಮತ್ತು ಮೂಲವನ್ನು ಗುರುತಿಸುವ ಬಗೆ

ಹಳೆಯ ಸೇನಾ ಸಮವಸ್ತ್ರವೊಂದು ಕೈಗೆ ಬಂದಾಗ ಹೊಸ ಸಂಗ್ರಾಹಕರ ಕಣ್ಣು ಮೊದಲು ಹೋಗುವುದು ಭುಜಪಟ್ಟಿ, ಪದಕದ ರಿಬ್ಬನ್ ಮತ್ತು ತೋಳಿನ ಲಾಂಛನಗಳ ಕಡೆಗೆ. ಪರಿಶೀಲನೆಯನ್ನು ಅಲ್ಲಿಂದ ಆರಂಭಿಸದಿರುವುದೇ ಒಳ್ಳೆಯದು. ಒಂದು ಲಾಂಛನವನ್ನು ಬಿಚ್ಚಿ ಇನ್ನೊಂದನ್ನು ಕೂರಿಸಲು ಸೂಜಿದಾರ ಸಾಕು. ಸಾಮಾನ್ಯ ಅಂಗಿಗೆ ವಿಮಾನದಿಂದ ಧುಮುಕುವ ಪ್ಯಾರಾಟ್ರೂಪರ್ ಪಡೆಯ ಗುರುತು ಬಿದ್ದೊಡನೆ ಅದರ ಬೆಲೆ ಏರುವುದರಿಂದ ಈ ಕೆಲಸಕ್ಕೆ ಕೈಹಾಕುವವರಿಗೆ ಕೊರತೆಯೂ ಇಲ್ಲ. ಆದ್ದರಿಂದ ಬಟ್ಟೆ ಯಾವುದು, ಹೊಲಿಗೆ ಹೇಗಿದೆ, ಒಳಗಿನ ಚೀಟಿ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡಿ, ಲಾಂಛನವನ್ನು ಕೊನೆಗೆ ಇಟ್ಟುಕೊಳ್ಳಬೇಕು.

ಅಂಗಿಯನ್ನು ಒಳಮೈ ಮೇಲಾಗಿ ಹರವಿದರೆ ಕಾಣುವ ಚೀಟಿಯೇ ಹೆಚ್ಚು ಸುದ್ದಿ ಕೊಡುವ ಜಾಗ. ಎರಡನೇ ಮಹಾಯುದ್ಧದ ಬ್ರಿಟಿಷ್ ಬ್ಯಾಟಲ್‌ಡ್ರೆಸ್ (ಯುದ್ಧಭೂಮಿಯ ಉಡುಪು) ಮೇಲಂಗಿಯ ಬಿಳಿ ಚೀಟಿಯಲ್ಲಿ ಅಂಗಿಯ ಹೆಸರು, ಅಳತೆಯ ಸಂಖ್ಯೆ, ತೊಡುವವನ ಎತ್ತರ, ಎದೆ ಮತ್ತು ಸೊಂಟದ ಸುತ್ತಳತೆ, ತಯಾರಕರ ಹೆಸರು ಹಾಗೂ ವರ್ಷ ಇರುತ್ತವೆ. ಇದರಲ್ಲಿ ‘1940 ಪ್ಯಾಟರ್ನ್’ ಎಂಬ ಸಾಲನ್ನು ಕಂಡು ಅಂಗಿ 1940ರದೆಂದು ತೀರ್ಮಾನಿಸುವವರು ಬಹಳ. ಅದು ವಿನ್ಯಾಸದ ಹೆಸರು ಮಾತ್ರ. ಅದೇ ವಿನ್ಯಾಸದ ಅಂಗಿಗಳು ಯುದ್ಧದ ಕೊನೆಯವರೆಗೂ ತಯಾರಾದವು, ತಯಾರಾದ ವರ್ಷವನ್ನು ಬೇರೆಯಾಗಿ ಅಚ್ಚು ಹಾಕಲಾಗುತ್ತಿತ್ತು. ಚೀಟಿ ಅಳಿಸಿಹೋಗಿದ್ದರೂ ಗಾಬರಿಯಾಗಬೇಕಿಲ್ಲ. ಹಿಂದಿನ ವಿನ್ಯಾಸದಲ್ಲಿ ಗುಂಡಿಗಳು ಪಟ್ಟಿಯ ಕೆಳಗೆ ಮರೆಯಾಗಿದ್ದು ಎದೆಯ ಜೇಬುಗಳಿಗೆ ನೆರಿಗೆ ಇರುತ್ತಿತ್ತು. 1940ರ ವಿನ್ಯಾಸದಲ್ಲಿ ಬಟ್ಟೆ ಮತ್ತು ದುಡಿಮೆ ಉಳಿಸಲು ಗುಂಡಿಗಳನ್ನು ಹೊರಗೆ ಕಾಣುವಂತೆ ಬಿಟ್ಟು ನೆರಿಗೆಯನ್ನು ಕೈಬಿಡಲಾಯಿತು. ಜರ್ಮನ್ ಸೇನೆಯ ಅಂಗಿಗಳಲ್ಲೂ ಇದೇ ಜಾಡು ಕಾಣುತ್ತದೆ: 1936ರ ಮಾದರಿಯ ಕಡುಹಸಿರು ಕಾಲರ್ 1940ರ ಹೊತ್ತಿಗೆ ಅಂಗಿಯದೇ ಬಣ್ಣಕ್ಕೆ ತಿರುಗಿತು, 1943ರ ಮಾದರಿಯ ಹೊತ್ತಿಗೆ ಜೇಬಿನ ನೆರಿಗೆಯೂ ಹೋಗಿತ್ತು. ಯುದ್ಧ ಬೆಳೆದಂತೆ ಉಡುಪು ಸರಳವಾಗುತ್ತಾ ಹೋಯಿತೆಂಬುದನ್ನು ನೆನಪಿನಲ್ಲಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಅಮೆರಿಕದ ಚೀಟಿಗಳಲ್ಲಿ ಗುತ್ತಿಗೆ ಸಂಖ್ಯೆಯನ್ನು ಹುಡುಕಬೇಕು. 1960ರ ದಶಕದ ‘ಡಿಎಸ್‌ಎ 100’ (ಡಿಎಸ್‌ಎ ಎಂದರೆ ಅಮೆರಿಕದ ರಕ್ಷಣಾ ಸರಬರಾಜು ಸಂಸ್ಥೆ) ಎಂದು ಆರಂಭವಾಗುವ ಸಂಖ್ಯೆಯ ನಡುವೆ 68 ಎಂದಿದ್ದರೆ ಗುತ್ತಿಗೆ 1968ರ ಆರ್ಥಿಕ ವರ್ಷದ್ದು. ದಾಸ್ತಾನು ಸಂಖ್ಯೆಗೆ 11 ಅಂಕಿಗಳಿದ್ದರೆ ಅದು 1974ಕ್ಕಿಂತ ಹಿಂದಿನ ಪದ್ಧತಿ, 13 ಇದ್ದರೆ ನಂತರದ್ದು. ಬ್ರಿಟಿಷ್ ಸರ್ಕಾರಿ ಸ್ವತ್ತಿಗೆ ಬಾಣದ ಗುರುತಿನ ಮೊಹರು ಬೀಳುತ್ತಿತ್ತು. ಅದೇ ಬಾಣ ‘ಸಿ’ ಅಕ್ಷರದೊಳಗಿದ್ದರೆ ಕೆನಡಾದ್ದು, ‘ಯು’ ಒಳಗಿದ್ದರೆ ದಕ್ಷಿಣ ಆಫ್ರಿಕಾದ್ದು.

ನಂತರ ದಾರ ಮತ್ತು ನೂಲು. ಬಟ್ಟೆಯನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕಗಳು ವ್ಯಾಪಕವಾದದ್ದು ಎರಡನೇ ಮಹಾಯುದ್ಧದ ನಂತರ. ಇವು ಅತಿನೇರಳೆ ಟಾರ್ಚಿನ ಬೆಳಕಿಗೆ ಹೊಳೆಯುತ್ತವೆ. ಆದರೆ ಇಡೀ ಅಂಗಿ ಹೊಳೆದ ಮಾತ್ರಕ್ಕೆ ನಕಲಿ ಎನ್ನಲಾಗದು, ಯಾರೋ ಅದನ್ನು ಈಚಿನ ಮಾರ್ಜಕದಲ್ಲಿ ಒಗೆದಿರಬಹುದು. ಸುತ್ತಲಿನ ಬಟ್ಟೆ ಮಂಕಾಗಿದ್ದು ಲಾಂಛನ ಹೊಲಿದ ದಾರವೊಂದೇ ಮಿನುಗಿದರೆ ಆ ಹೊಲಿಗೆ ಈಚಿನದೆಂದು ಬಲವಾಗಿ ಶಂಕಿಸಬಹುದು. ಒಳಹೊಲಿಗೆಯ ಅಂಚಿನಿಂದ ಎರಡೆಳೆ ನೂಲು ತೆಗೆದು ಸುಟ್ಟು ನೋಡುವುದೂ ಉಂಟು: ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುವ ಬೂದಿಯನ್ನು ಬಿಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. 1940ರದೆನ್ನುವ ಅಂಗಿಯಲ್ಲಿ ಪಾಲಿಯೆಸ್ಟರ್ ಸಿಕ್ಕಿದರೆ ಮುಂದಿನ ಮಾತೇ ಬೇಕಿಲ್ಲ.

ಈಗ ಲಾಂಛನಕ್ಕೆ ಬರಬಹುದು. ಅದರ ಅಂಚಿನ ಹೊರಗೆ ಹಳೆಯ ಸೂಜಿರಂಧ್ರಗಳ ಸಾಲು ಅಥವಾ ಬಣ್ಣ ಮಾಸದೆ ಉಳಿದ ಬೇರೆ ಆಕಾರದ ತುಣುಕು ಕಂಡರೆ ಅಲ್ಲಿ ಹಿಂದೆ ಬೇರೇನೋ ಇತ್ತು. ಬ್ರಿಟಿಷ್ ಬ್ಯಾಡ್ಜುಗಳಲ್ಲಿ ಕಿರೀಟದ ಆಕಾರ ಕಾಲವನ್ನು ಹೇಳುತ್ತದೆ: 20ನೇ ಶತಮಾನದ ಆರಂಭದಿಂದ 1952ರವರೆಗಿನ ದೊರೆಗಳ ಕಾಲದ ಕಿರೀಟದ ಕಮಾನು ಮೇಲಕ್ಕೆ ದುಂಡಗಿದ್ದರೆ, ಎರಡನೇ ಎಲಿಜಬೆತ್ ಕಾಲದ್ದು ನಡುವೆ ತಗ್ಗಿರುತ್ತದೆ. ಭಾರತೀಯ ಸೇನೆಯಲ್ಲಿ 1950ರ ಜನವರಿ 26ರ ನಂತರ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದವು. ಅಂಗಿಗೂ ಬ್ಯಾಡ್ಜಿಗೂ ಕಾಲ ಹೊಂದದಿದ್ದರೆ ಅದು ಮೋಸವೇ ಆಗಿರಬೇಕಿಲ್ಲ. ಹಳೆಯ ದಾಸ್ತಾನಿನ ಅಂಗಿಯನ್ನು ಸೈನಿಕರು ವರ್ಷಗಟ್ಟಲೆ ತೊಟ್ಟದ್ದೂ ಇದೆ.

ತೊಟ್ಟವರು ಯಾರೆಂದು ಪತ್ತೆಹಚ್ಚಲು ಕಾಲರಿನ ಒಳಭಾಗ, ಜೇಬಿನ ಒಳಗು ಮತ್ತು ಸೊಂಟಪಟ್ಟಿಗಳಲ್ಲಿ ಶಾಯಿಯ ಬರಹವನ್ನು ಹುಡುಕಬೇಕು. ಎರಡನೇ ಮಹಾಯುದ್ಧದ ಅಮೆರಿಕನ್ ಸೈನಿಕರ ಬಟ್ಟೆಗಳಲ್ಲಿ ಉಪನಾಮದ ಮೊದಲ ಅಕ್ಷರ ಮತ್ತು ಸೇನಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳ ಲಾಂಡ್ರಿ ಗುರುತು ಸಾಮಾನ್ಯ. ಒಂದೇ ಗುರುತು ಹಲವರಿಗೆ ಹೊಂದಬಹುದಾದ್ದರಿಂದ ಪಡೆಯ ಲಾಂಛನ, ದರ್ಜೆ ಮತ್ತು ಕಾಲವನ್ನು ಜೊತೆಗಿಟ್ಟು ಹೆಸರುಗಳನ್ನು ಸೋಸಬೇಕಾಗುತ್ತದೆ. ದಾಖಲೆ ಸಿಗದಿದ್ದರೆ ವ್ಯಕ್ತಿಯೇ ಇರಲಿಲ್ಲವೆಂದು ಅರ್ಥವಲ್ಲ: 1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬಿದ್ದ ಬೆಂಕಿಯಲ್ಲಿ 1.6 ಕೋಟಿಗೂ ಹೆಚ್ಚು ಕಡತಗಳು ನಾಶವಾದವು. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರ ಬಾಂಬ್ ದಾಳಿಯಲ್ಲಿ ಸುಟ್ಟವು. ಆಗ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಪದಕ ಸೂಚಿ ಚೀಟಿಗಳೂ ಪಡೆಗಳ ಯುದ್ಧ ದಿನಚರಿಗಳೂ ನೆರವಿಗೆ ಬರುತ್ತವೆ.

ಪರಿಶೀಲನೆ ಮುಗಿಯುವವರೆಗೆ ಅಂಗಿಯನ್ನು ಒಗೆಯಬಾರದು, ಶಾಯಿಯ ಗುರುತು ಮೊದಲು ಹೋಗುವುದೇ ಅಲ್ಲಿ. ಉಣ್ಣೆಗೆ ನುಸಿ ಹತ್ತಿದ ಅನುಮಾನವಿದ್ದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಎರಡು ವಾರ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿಡಬಹುದು. ಪ್ರತಿ ಅಂಗಿಗೂ ಒಂದು ಹಾಳೆ ಮೀಸಲಿಟ್ಟು, ಕಣ್ಣಾರೆ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಕಡೆ ಬರೆದು, ಮಾರಿದವರು ಹೇಳಿದ ಕಥೆಯನ್ನು ಅವರ ಮಾತೆಂದೇ ತಾರೀಖು ಸಮೇತ ನಮೂದಿಸಬೇಕು.