ನಗರಸಭೆಯ ಜಾಲತಾಣಕ್ಕೆ ಎಷ್ಟು ಹಣ ಹೋಯಿತು: ಕಡತ ಕೇಳುವ ಕ್ರಮ

ಚರಂಡಿಯ ಕಾಂಕ್ರೀಟು ತೆಳುವಾಗಿದ್ದರೆ ಕರಾವಳಿಯಲ್ಲಿ ಅದನ್ನು ಪತ್ತೆ ಹಚ್ಚಲು ಯಾರೂ ಅರ್ಜಿ ಹಾಕಬೇಕಾಗಿಲ್ಲ, ಜೂನ್ ತಿಂಗಳ ಮೊದಲ ವಾರದ ಮಳೆಯೇ ಅದನ್ನು ಊರಿಗೆಲ್ಲ ತೋರಿಸುತ್ತದೆ. ನಗರಸಭೆಯ ಜಾಲತಾಣದ ವಿಷಯ ಹಾಗಲ್ಲ. ರಸ್ತೆ, ಚರಂಡಿ ಕಾಮಗಾರಿಗಳಿಗೆ ಎಂಜಿನಿಯರ್ ಬರೆಯುವ ಅಳತೆ ಪುಸ್ತಕವೊಂದು ಇರುತ್ತದೆ, ಜಾಲತಾಣಕ್ಕೆ ಅಂಥದ್ದು ಇರುವುದಿಲ್ಲ. ಏನನ್ನು ಅಳೆಯಬೇಕೆಂಬುದು ಬಿಲ್ ಪಾಸು ಮಾಡುವವರಿಗೂ ಹಲವು ಬಾರಿ ಸ್ಪಷ್ಟವಿರುವುದಿಲ್ಲ. ಆದ್ದರಿಂದ ಈ ವೆಚ್ಚವನ್ನು ಪ್ರಶ್ನಿಸಲು ಹೊರಡುವವರು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಅಧಿಕಾರಿಗಳ ಅಭಿಪ್ರಾಯವನ್ನು ಕೇಳದೆ ಕಾಗದಗಳನ್ನು ಕೇಳುವುದನ್ನು ಕಲಿಯಬೇಕು. ಕಾರವಾರ, ಶಿರಸಿಗಳ ನಗರಸಭೆ ಇರಲಿ, ಕುಮಟಾ, ಅಂಕೋಲಾಗಳ ಪುರಸಭೆ ಇರಲಿ, ಕ್ರಮ ಒಂದೇ.

ಎಲ್ಲಕ್ಕಿಂತ ಮೊದಲು ಜಾಲತಾಣ ಯಾರದ್ದೆಂದು ತಿಳಿದುಕೊಳ್ಳಬೇಕು. ರಾಜ್ಯದ ಪೌರಾಡಳಿತ ನಿರ್ದೇಶನಾಲಯದ ಅಡಿಯಲ್ಲಿರುವ ಪೌರ ಸುಧಾರಣಾ ಕೋಶವು ನಗರ ಸ್ಥಳೀಯ ಸಂಸ್ಥೆಗಳಿಗೆ ಒಂದೇ ಮಾದರಿಯ ಜಾಲತಾಣಗಳನ್ನು ಒದಗಿಸಿದೆ. ಅವುಗಳ ವಿಳಾಸ ಊರಿನ ಹೆಸರಿನಿಂದ ಆರಂಭವಾಗಿ ‘ಎಂಆರ್‌ಸಿ ಡಾಟ್ ಗವ್ ಡಾಟ್ ಇನ್’ ಎಂದು ಕೊನೆಯಾಗುತ್ತದೆ. ನಿಮ್ಮ ಊರಿನ ಜಾಲತಾಣವೂ ಅದೇ ಆಗಿದ್ದರೆ ಅದನ್ನು ಕಟ್ಟಿದ ಖರ್ಚಿನ ಕಡತ ಬೆಂಗಳೂರಿನಲ್ಲಿರುವ ಸಾಧ್ಯತೆ ಹೆಚ್ಚು, ಸ್ಥಳೀಯ ಕಚೇರಿಯಲ್ಲಿ ಮಾಹಿತಿ ತುಂಬುವ ಕೆಲಸದ ಖರ್ಚು ಮಾತ್ರ ಸಿಗಬಹುದು. ಅದರ ಹೊರತಾಗಿ ಪ್ರತ್ಯೇಕ ಜಾಲತಾಣ ಅಥವಾ ಮೊಬೈಲ್ ಆ್ಯಪ್ ಮಾಡಿಸಿದ್ದರೆ, ಸರ್ಕಾರವೇ ಒಂದನ್ನು ಕೊಟ್ಟಿರುವಾಗ ಎರಡನೆಯದರ ಅಗತ್ಯವನ್ನು ಯಾವ ಟಿಪ್ಪಣಿಯಲ್ಲಿ, ಯಾವ ಠರಾವಿನಲ್ಲಿ ದಾಖಲಿಸಲಾಗಿದೆ ಎಂಬುದೇ ನಿಮ್ಮ ಮುಖ್ಯ ಎಳೆ. ಜಿಲ್ಲಾಡಳಿತದ ಜಾಲತಾಣ ಇವೆರಡರಿಂದಲೂ ಬೇರೆ. ಅದು ಕೇಂದ್ರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ವ್ಯವಸ್ಥೆಯಲ್ಲಿದೆ. ಇವನ್ನು ಬೆರೆಸಿ ಅರ್ಜಿ ಹಾಕಿದರೆ ಉತ್ತರವೂ ಬೆರಕೆಯಾಗಿಯೇ ಬರುತ್ತದೆ.

ಅರ್ಜಿ ಬರೆಯುವ ಮುನ್ನ ಒಂದು ಸಂಜೆಯನ್ನು ಜಾಲತಾಣದಲ್ಲೇ ಕಳೆಯಿರಿ. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 4(1)(ಬಿ) ಪ್ರಕಾರ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ 17 ಬಗೆಯ ಮಾಹಿತಿಯನ್ನು ಯಾರೂ ಕೇಳದಿದ್ದರೂ ಪ್ರಕಟಿಸಬೇಕು, ಅದರಲ್ಲಿ ಆಯವ್ಯಯದ ಹಂಚಿಕೆ ಮತ್ತು ವೆಚ್ಚದ ವಿವರವೂ ಸೇರಿದೆ. 15ನೇ ಹಣಕಾಸು ಆಯೋಗವು ಸ್ಥಳೀಯ ಸಂಸ್ಥೆಗಳ ಅನುದಾನಕ್ಕೆ ಲೆಕ್ಕಪತ್ರಗಳನ್ನು ಆನ್‌ಲೈನಿನಲ್ಲಿ ಸಾರ್ವಜನಿಕರಿಗೆ ತೆರೆದಿಡಬೇಕೆಂಬ ಷರತ್ತನ್ನೇ ಹಾಕಿತ್ತು. ಈ ಪುಟಗಳು ಇವೆಯೇ, ತೆರೆಯುತ್ತವೆಯೇ, ಕೊನೆಯದಾಗಿ ಯಾವಾಗ ನವೀಕರಿಸಲಾಗಿದೆ ಎಂಬುದನ್ನು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಏಕೆಂದರೆ ಅರ್ಜಿ ಆವಕಕ್ಕೆ ಬಿದ್ದ ಮೇಲೆ ಪುಟ ಬದಲಾಗಬಹುದು. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಅದೇ ವಿಳಾಸ ಹಾಕಿದರೆ ಹಿಂದಿನ ವರ್ಷಗಳ ಪ್ರತಿಗಳು ಸಿಗುವುದುಂಟು. ‘ಹೊಸದಾಗಿ ವಿನ್ಯಾಸಗೊಳಿಸಲಾಗಿದೆ’ ಎಂದು ಬಿಲ್ ಆದ ವರ್ಷದ ಮುಂಚಿನ ಪುಟಕ್ಕೂ ನಂತರದ ಪುಟಕ್ಕೂ ಬಣ್ಣ ಬಿಟ್ಟರೆ ಬೇರೇನೂ ವ್ಯತ್ಯಾಸವಿಲ್ಲದಿದ್ದರೆ ಅದು ಅಲ್ಲೇ ಕಾಣುತ್ತದೆ. ಜೊತೆಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ನಿಮ್ಮ ನಗರಸಭೆಯ ಹೆಸರಿನಲ್ಲಿ ಟೆಂಡರ್ ಕರೆಯಲಾಗಿತ್ತೇ ಎಂದು ಹುಡುಕಿ ನೋಡಿ.

ಇನ್ನು ಅರ್ಜಿ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದಗಳನ್ನು ಮೀರಬಾರದು. ಇದನ್ನು ಅಡ್ಡಿಯೆಂದು ಬೈಯುವವರಿದ್ದಾರೆ, ನಾನೂ ಬೈದಿದ್ದೇನೆ. ಆದರೆ ಬರೆಯುತ್ತ ಹೋದಂತೆ ಈ ಮಿತಿ ಅರ್ಜಿದಾರನ ಸಿಟ್ಟನ್ನು ಸೋಸಿ ಕೆಲಸದ ಮಾತನ್ನಷ್ಟೇ ಉಳಿಸುತ್ತದೆ ಎಂಬುದೂ ತಿಳಿಯಿತು. ನನ್ನ ಮೊದಲ ಅರ್ಜಿಯಲ್ಲಿ ‘ಜಾಲತಾಣಕ್ಕೆ ಇಷ್ಟೊಂದು ಹಣ ಏಕೆ ಖರ್ಚು ಮಾಡಿದ್ದೀರಿ, ಸಮರ್ಥಿಸಿಕೊಳ್ಳಿ’ ಎಂದು ಬರೆದಿದ್ದೆ. ಪ್ರಶ್ನಾರೂಪದ ಅರ್ಜಿಗೆ ಉತ್ತರಿಸಲು ಅವಕಾಶವಿಲ್ಲವೆಂದು ಒಂದು ಸಾಲಿನ ಹಿಂಬರಹ ಬಂತು, ಕಾನೂನಿನ ದೃಷ್ಟಿಯಿಂದ ಅದರಲ್ಲಿ ತಪ್ಪಿರಲಿಲ್ಲ. ಮಾಜಾಳಿ ದಾಟಿದರೆ ಸಿಗುವ ಗೋವಾದ ಪ್ರಕರಣವೊಂದರಲ್ಲೇ ಬಾಂಬೆ ಹೈಕೋರ್ಟಿನ ಗೋವಾ ಪೀಠವು 2008ರಲ್ಲಿ, ‘ಏಕೆ’ ಎಂಬ ಪ್ರಶ್ನೆಗೆ ಕೊಡುವ ಸಮಜಾಯಿಷಿ ಮಾಹಿತಿಯ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದು ಹೇಳಿದೆ. ಕಚೇರಿಯಲ್ಲಿ ಇಲ್ಲದ ಮಾಹಿತಿಯನ್ನು ಹೊಸದಾಗಿ ಸೃಷ್ಟಿಸಿ ಕೊಡಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಹಾಗಾಗಿ ‘ಏಕೆ’ ಎಂಬುದನ್ನು ಅರ್ಜಿಯಿಂದ ತೆಗೆದುಹಾಕಿ, ಆ ‘ಏಕೆ’ಗೆ ಉತ್ತರ ಅಡಗಿರುವ ಕಾಗದದ ಹೆಸರನ್ನು ಬರೆಯಬೇಕು. ಮಾದರಿಯೊಂದು ಹೀಗಿದೆ:

“ವಿಷಯ: ನಗರಸಭೆಯ ಜಾಲತಾಣದ ಅಭಿವೃದ್ಧಿ ಮತ್ತು ನಿರ್ವಹಣೆಯ ವೆಚ್ಚದ ದಾಖಲೆಗಳು. ದಿನಾಂಕ 1-4-2021ರಿಂದ ಈವರೆಗೆ ಸದರಿ ವಿಷಯಕ್ಕೆ ಸಂಬಂಧಿಸಿದ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಒದಗಿಸಲು ಕೋರುತ್ತೇನೆ: ಸಾಮಾನ್ಯ ಸಭೆಯ ಠರಾವು, ಕಡತದ ಟಿಪ್ಪಣಿ ಹಾಳೆಗಳು, ಅಂದಾಜು ಪಟ್ಟಿ ಮತ್ತು ಅದರ ಆಧಾರ, ಟೆಂಡರ್ ಪ್ರಕಟಣೆ ಅಥವಾ ಪಡೆದ ದರಪಟ್ಟಿಗಳು, ತುಲನಾತ್ಮಕ ಪಟ್ಟಿ, ಕಾರ್ಯಾದೇಶ ಮತ್ತು ಕರಾರು ಪತ್ರ, ಕೆಲಸ ಪೂರ್ಣಗೊಂಡ ಬಗ್ಗೆ ನೀಡಿದ ದೃಢೀಕರಣ, ಎಲ್ಲ ಬಿಲ್ಲುಗಳು ಮತ್ತು ಪಾವತಿ ವೋಚರುಗಳು, ವಾರ್ಷಿಕ ನಿರ್ವಹಣಾ ಕರಾರು, ಭದ್ರತಾ ಲೆಕ್ಕಪರಿಶೋಧನೆಯ ಪ್ರಮಾಣಪತ್ರ. ಪ್ರತಿ ಪಡೆಯುವ ಮುನ್ನ ಸದರಿ ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನಾಂಕ ನಿಗದಿಪಡಿಸಲು ಕೋರುತ್ತೇನೆ.”

ಅರ್ಜಿಯನ್ನು ನಮೂನೆ ‘ಎ’ಯಲ್ಲಿ ಬರೆದು, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ನಗರಸಭೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಡಬೇಕು. ಟಪಾಲು ವಿಭಾಗದಲ್ಲಿ ಕೊಟ್ಟರೆ ಎರಡನೆಯ ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಮೆಟ್ಟಿಲಿಳಿಯಬೇಡಿ. ಮುಂದಿನ ಎಲ್ಲ ಲೆಕ್ಕವೂ ಆ ದಿನಾಂಕದಿಂದಲೇ. ಕಾರಣ ಹೇಳುವ ಅಗತ್ಯವಿಲ್ಲವೆಂದು ಕಲಂ 6(2) ಸ್ಪಷ್ಟವಾಗಿ ಹೇಳುತ್ತದೆ, ‘ನಿಮಗೆ ಇದೆಲ್ಲ ಯಾಕೆ ಸರ್’ ಎಂದು ಪರಿಚಿತ ಗುಮಾಸ್ತರು ನಗುತ್ತ ಕೇಳಿದರೆ ನಗುತ್ತಲೇ ಸುಮ್ಮನಿರಬಹುದು. ಕಡತ ಬೇರೆ ಪ್ರಾಧಿಕಾರದಲ್ಲಿದ್ದರೆ, ಉದಾಹರಣೆಗೆ ಕಾರವಾರದ ಜಿಲ್ಲಾ ನಗರಾಭಿವೃದ್ಧಿ ಕೋಶದಲ್ಲೋ ಪೌರಾಡಳಿತ ನಿರ್ದೇಶನಾಲಯದಲ್ಲೋ ಇದ್ದರೆ, ಐದು ದಿನಗಳೊಳಗೆ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸುವುದು ಕಲಂ 6(3)ರ ಪ್ರಕಾರ ಅವರದ್ದೇ ಹೊಣೆ. ಶಿರಸಿಯವರು ಇದಕ್ಕಾಗಿ ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವ ಸಾಹಸ ಮಾಡಬೇಕಾಗಿಲ್ಲ.

ಪ್ರತಿ ಪುಟಕ್ಕೆ 2 ರೂಪಾಯಿ. ಆದರೂ ಕಡತವನ್ನು ಮೊದಲು ಕಣ್ಣಾರೆ ನೋಡುವುದೇ ಲೇಸು, ಈ ಹಕ್ಕು ಕಲಂ 2(ಜೆ)ಯಲ್ಲಿದೆ. ಕಾರಣ ಹಣದ ಉಳಿತಾಯವಷ್ಟೇ ಅಲ್ಲ. ಪ್ರತಿ ಮಾಡಿ ಕೊಡುವಾಗ ಟಿಪ್ಪಣಿ ಹಾಳೆಗಳು ಬಿಟ್ಟುಹೋಗುವುದುಂಟು, ಮತ್ತು ಜಾಲತಾಣದ ನಿಜವಾದ ಕಥೆ ಇರುವುದು ಅಲ್ಲೇ: ಯಾರು ಮೊದಲು ಪ್ರಸ್ತಾಪಿಸಿದರು, ಲೆಕ್ಕ ವಿಭಾಗದವರು ಯಾವ ಆಕ್ಷೇಪ ಬರೆದರು, ಅದನ್ನು ಯಾರ ಸಹಿ ದಾಟಿಸಿತು. ಪುಟಸಂಖ್ಯೆಗಳನ್ನು ಬರೆದುಕೊಂಡು, ಬೇಕಾದ ಪುಟಗಳನ್ನು ಮಾತ್ರ ಆಮೇಲೆ ಕೇಳಿ.

ಕಡತ ಕೈಗೆ ಬಂದಾಗ ಮೊದಲು ಅಂದಾಜು ಪಟ್ಟಿಗೆ ಹೋಗಿ. ರಸ್ತೆಗೆ ಲೋಕೋಪಯೋಗಿ ಇಲಾಖೆಯ ಎಸ್‌ಆರ್, ಅಂದರೆ ನಿಗದಿತ ದರಗಳ ಪಟ್ಟಿ ಇದೆ, ಎಷ್ಟು ಘನ ಮೀಟರ್ ಜಲ್ಲಿಗೆ ಎಷ್ಟು ಎಂದು ಹೇಳಬಹುದು. ಜಾಲತಾಣದ ಅಂದಾಜಿಗೆ ಅಂಥ ಪಟ್ಟಿಯ ಆಸರೆ ಇಲ್ಲವಾದ್ದರಿಂದ, ಕೆಲಸ ಪಡೆದವನೇ ಮುಂಚೆ ಕೊಟ್ಟ ದರಪಟ್ಟಿಯೇ ಅಂದಾಜಾಗಿ ಪರಿವರ್ತನೆಗೊಂಡಿರಬಹುದೇ ಎಂದು ದಿನಾಂಕಗಳನ್ನು ಹೋಲಿಸಿ ನೋಡಬೇಕು. ಮೂರು ದರಪಟ್ಟಿಗಳಿದ್ದರೆ ಅವುಗಳ ವಿಳಾಸ, ದಿನಾಂಕ, ಅಕ್ಷರ ವಿನ್ಯಾಸ, ಅಷ್ಟೇ ಏಕೆ, ಕಾಗುಣಿತದ ತಪ್ಪುಗಳನ್ನೂ ಒಂದರ ಪಕ್ಕ ಒಂದಿಟ್ಟು ಓದಿ. ಮೂರು ಬೇರೆ ಬೇರೆ ಊರಿನ ಸಂಸ್ಥೆಗಳು ಒಂದೇ ಪದವನ್ನು ಒಂದೇ ರೀತಿ ತಪ್ಪಾಗಿ ಬರೆಯುವುದು ಅಪರೂಪ. ವಿನ್ಯಾಸ, ಹೋಸ್ಟಿಂಗ್, ಮಾಹಿತಿ ನಮೂದು, ನಿರ್ವಹಣೆ ಎಂದು ಒಂದೇ ಕೆಲಸವನ್ನು ತುಂಡುಮಾಡಿ ಒಬ್ಬನಿಗೇ ಕೊಟ್ಟಿದ್ದರೆ, ಒಟ್ಟು ಮೊತ್ತ ಟೆಂಡರ್ ಮಿತಿಯನ್ನು ದಾಟುತ್ತಿತ್ತೇ ಎಂದು ಕೂಡಿ ನೋಡಿ. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಯ ಕರ್ನಾಟಕ ಅಧಿನಿಯಮ 1999, ಅಂದರೆ ಎಲ್ಲರ ಬಾಯಲ್ಲಿರುವ ಕೆಟಿಪಿಪಿ ಕಾಯ್ದೆ, ಟೆಂಡರನ್ನು ನಿಯಮವಾಗಿ, ವಿನಾಯಿತಿಯನ್ನು ಅಪವಾದವಾಗಿ ಇಟ್ಟಿದೆ. ಈ ಕಾಯ್ದೆಯ ಕಲಂ ಹೆಸರಿಸಿ ‘4(ಜಿ) ವಿನಾಯಿತಿ’ ಎಂದು ಟಿಪ್ಪಣಿಯಲ್ಲಿ ಬರೆದಿದ್ದರೆ ಅದಕ್ಕೆ ಸರ್ಕಾರದ ಅಧಿಸೂಚನೆ ಇರಲೇಬೇಕು, ಅದರ ಪ್ರತಿಯನ್ನೂ ಕೇಳಿ.

ಎರಡನೆಯದಾಗಿ, ಕೆಲಸ ಮುಗಿದಿದೆಯೆಂದು ಯಾರು, ಏನನ್ನು ನೋಡಿ ಸಹಿ ಮಾಡಿದರು ಎಂಬುದು. ಅಳತೆ ಪುಸ್ತಕ ಇಲ್ಲದಿದ್ದರೂ ಅಳತೆಗೋಲು ಇಲ್ಲವೆಂದಲ್ಲ. ಕೇಂದ್ರ ಸರ್ಕಾರವು 2009ರಲ್ಲಿ ಹೊರತಂದು 2018 ಮತ್ತು 2023ರಲ್ಲಿ ಪರಿಷ್ಕರಿಸಿದ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ ಇದೆ. ದೃಷ್ಟಿ ಇಲ್ಲದವರ ಸ್ಕ್ರೀನ್ ರೀಡರ್ ಪುಟವನ್ನು ಓದಬಲ್ಲದೇ, ಸಂಪರ್ಕ ವಿವರ ಸರಿ ಇದೆಯೇ, ಹಳೆಯ ಮಾಹಿತಿ ತೆರವಾಗಿದೆಯೇ ಎಂಬುದನ್ನೆಲ್ಲ ಅದರಿಂದ ಪರೀಕ್ಷಿಸಬಹುದು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ ಮಾನ್ಯತೆ ಪಡೆದ ಸಂಸ್ಥೆಯಿಂದ ಭದ್ರತಾ ಪರೀಕ್ಷೆ ಆಗಿರಬೇಕು. ನಮ್ಮ ಕಡೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು: ಠರಾವುಗಳನ್ನು ಸ್ಕ್ಯಾನ್ ಮಾಡಿ ಚಿತ್ರಗಳಾಗಿ ಏರಿಸಿದ್ದರೆ, ಅಥವಾ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಹಾಕಿದ್ದರೆ, ‘ಮೀನು ಮಾರುಕಟ್ಟೆ’ ಎಂದು ಕನ್ನಡದಲ್ಲಿ ಹುಡುಕಿದಾಗ ಏನೂ ಸಿಗುವುದಿಲ್ಲ. ಕಾಗದ ಜಾಲತಾಣದಲ್ಲಿದ್ದೂ ಇಲ್ಲದಂತೆಯೇ.

ಮೂರನೆಯದು ಹೆಚ್ಚು ಜನ ಕೇಳದೆ ಬಿಡುವ ಸಂಗತಿ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದೂ ಇದೇ. ಜಾಲತಾಣದ ಮೂಲ ಸಂಕೇತ (ಸೋರ್ಸ್ ಕೋಡ್), ದತ್ತಸಂಚಯ (ಡೇಟಾಬೇಸ್) ಮತ್ತು ಆಡಳಿತದ ಪಾಸ್‌ವರ್ಡ್ ಕರಾರಿನ ಪ್ರಕಾರ ಯಾರ ಸ್ವತ್ತು? ಅವು ಗುತ್ತಿಗೆದಾರನ ಬಳಿಯೇ ಉಳಿದರೆ ಪ್ರತಿ ವರ್ಷದ ನಿರ್ವಹಣಾ ಕರಾರೂ ಅವನಿಗೇ ಹೋಗುತ್ತದೆ, ದರ ಏನೇ ಇರಲಿ, ಏಕೆಂದರೆ ಬೇರೆಯವರಿಗೆ ಕೀಲಿಯೇ ಸಿಗುವುದಿಲ್ಲ. ಮೊದಲ ಬಿಲ್ ಚಿಕ್ಕದಾಗಿದ್ದು ಐದು ವರ್ಷದ ನಿರ್ವಹಣೆ ಅದರ ಹಲವು ಪಟ್ಟು ಆಗಿದ್ದರೆ ಕರಾರಿನ ಈ ಷರತ್ತನ್ನು ಓದಿ. ಇನ್ನು ನಿರ್ವಹಣೆಯ ಹಣ ಪಡೆದ ತಿಂಗಳುಗಳಲ್ಲಿ ಪುಟದಲ್ಲಿ ಏನಾದರೂ ಬದಲಾಗಿದೆಯೇ ಎಂಬುದಕ್ಕೆ ನೀವು ತೆಗೆದಿಟ್ಟ ಸ್ಕ್ರೀನ್‌ಶಾಟ್‌ಗಳಿವೆಯಲ್ಲ.

‘ವ್ಯಾಪಾರಿ ಗೋಪ್ಯತೆ’ ಎಂದು ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಡಿ) ಉಲ್ಲೇಖಿಸಿ ನಿರಾಕರಿಸಬಹುದು. ಸಾರ್ವಜನಿಕ ಹಣದಿಂದ ಪಾವತಿಯಾದ ಬಿಲ್ಲಿಗೂ ಮುಗಿದುಹೋದ ಟೆಂಡರಿನ ದರಕ್ಕೂ ಈ ವಾದ ಬಲವಾಗಿ ನಿಲ್ಲುವುದಿಲ್ಲ. ನಿಜವಾಗಿ ಗುಟ್ಟಾಗಿರಬೇಕಾದ ಭಾಗವಿದ್ದರೆ ಅದನ್ನು ಮರೆಮಾಡಿ ಉಳಿದದ್ದನ್ನು ಕೊಡಬೇಕೆಂದು ಕಲಂ 10 ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ)ಯಲ್ಲಿರುವ ವೈಯಕ್ತಿಕ ಮಾಹಿತಿಯ ವಿನಾಯಿತಿಯನ್ನು ವಿಸ್ತರಿಸಿದೆ, ಆದರೆ ಕಂಪನಿಯೊಂದಕ್ಕೆ ಕೊಟ್ಟ ಚೆಕ್ ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ, ಮತ್ತು ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದೆಂಬ ಕಲಂ 8(2) ಇನ್ನೂ ಇದೆ.

30 ದಿನ ಕಳೆದರೂ ಉತ್ತರ ಬಾರದಿದ್ದರೆ ಅದು ನಿರಾಕರಣೆಯೇ, ಆ ಬಳಿಕ ಕೊಡುವ ಪ್ರತಿಗಳಿಗೆ ಶುಲ್ಕ ಕೇಳುವಂತಿಲ್ಲ. ಮುಂದಿನ 30 ದಿನಗಳಲ್ಲಿ ಮೊದಲ ಮೇಲ್ಮನವಿ, ಅದಕ್ಕೆ 30ರಿಂದ ಹೆಚ್ಚೆಂದರೆ 45 ದಿನ; ಬಳಿಕ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗ. ಆಯೋಗವು ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ವಿಧಿಸಬಲ್ಲದು, ಆದರೆ ಅಲ್ಲಿ ಸರದಿ ಉದ್ದ. ಕಾಯುವ ಅವಧಿಯಲ್ಲಿ ಕರ್ನಾಟಕ ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ನಿಮ್ಮ ನಗರಸಭೆಯ ಬಗ್ಗೆ ಬರೆದ ವಾರ್ಷಿಕ ವರದಿಯನ್ನು ಪ್ರತ್ಯೇಕ ಅರ್ಜಿಯಲ್ಲಿ ಕೇಳಬಹುದು. ಇದೇ ವೆಚ್ಚಕ್ಕೆ ಲೆಕ್ಕಪರಿಶೋಧಕರು ಆಗಲೇ ಆಕ್ಷೇಪಣೆ ಹಾಕಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ.

ಕಾಗದಗಳು ಕೈಸೇರಿದ ಕೂಡಲೇ ಲೋಕಾಯುಕ್ತಕ್ಕೆ ಓಡುವುದು ಅವಸರವಾದೀತು. ಅಲ್ಲಿಗೆ ಪ್ರಮಾಣಪತ್ರದೊಂದಿಗೆ ದೂರು ಕೊಡಬೇಕು, ಕೊಟ್ಟ ಮೇಲೆ ಪ್ರತಿ ಮಾತಿಗೂ ನೀವು ಬದ್ಧರು. ದುಬಾರಿ ಖರ್ಚು ಬೇರೆ, ಅಕ್ರಮ ಬೇರೆ. ಅರಿಯದೆ ಹೆಚ್ಚು ಹಣ ತೆತ್ತ ಕಚೇರಿಯೂ ಇರುತ್ತದೆ. ಮೊದಲು ಠರಾವು, ಅಂದಾಜು, ಕಾರ್ಯಾದೇಶ, ಬಿಲ್, ಈ ನಾಲ್ಕರ ದಿನಾಂಕ ಮತ್ತು ಮೊತ್ತಗಳನ್ನು ಒಂದೇ ಹಾಳೆಯಲ್ಲಿ ಬರೆದು, ಅದನ್ನು ಪೌರಾಯುಕ್ತರಿಗೂ ನಿಮ್ಮ ವಾರ್ಡಿನ ಸದಸ್ಯರಿಗೂ ಲಿಖಿತವಾಗಿ ಕೊಡಿ. ಆಯವ್ಯಯ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆದಾಗ ಅದೇ ಹಾಳೆ ಹಿಡಿದು ಹೋಗಿ, ಮುಂದಿನ ವರ್ಷ ಜಾಲತಾಣದ ನಿರ್ವಹಣೆಗೆ ಎಷ್ಟು ಹಣ ಇಡುತ್ತಿದ್ದೀರಿ, ಪಾಸ್‌ವರ್ಡ್ ಈಗ ಯಾರ ಬಳಿ ಇದೆ ಎಂದು ಕೇಳಿ. ಸಭೆಯ ನಡಾವಳಿಯಲ್ಲಿ ನಿಮ್ಮ ಪ್ರಶ್ನೆಯನ್ನು ದಾಖಲಿಸುವಂತೆ ಅಲ್ಲಿಯೇ ಕೋರಿ, ಒಂದು ವಾರದ ಬಳಿಕ ಹೋಗಿ ದಾಖಲಾಗಿದೆಯೇ ಎಂದು ನೋಡಿ ಬನ್ನಿ.