ಕಡಲ ತಡಿಯ ಬಂಗಲೆ: ಕೊಳ್ಳುವ ಮೊದಲು ಒಂದು ಮಳೆಗಾಲ

ಅಡ್ವಾನ್ಸಿನ ಚೆಕ್ ಬರೆದು ಜೇಬಿನಲ್ಲಿಟ್ಟುಕೊಂಡೇ ಆ ಮನೆ ನೋಡಲು ಹೋಗಿದ್ದೆ. 2022ರ ಜನವರಿ. ಕುಂದಾಪುರದಿಂದ ದಕ್ಷಿಣಕ್ಕೆ ಬಂದು, ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿ, ತೆಂಗಿನ ತೋಟಗಳ ನಡುವಿನ ರಸ್ತೆ ಮುಗಿಯುವಲ್ಲಿ ಗೇಟು. ಒಳಗೆ ಇಪ್ಪತ್ತೆರಡು ಸೆಂಟ್ಸ್ ಜಾಗ, ಎರಡಂತಸ್ತಿನ ಬಂಗಲೆ. ಕಡಲ ಕಡೆಗೆ ಗೋಡೆಯೇ ಇಲ್ಲ, ಉದ್ದಕ್ಕೂ ಗಾಜಿನ ಬಾಗಿಲು. ಸರಿಸಿದರೆ ಹುಲ್ಲುಹಾಸು, ಸಣ್ಣದೊಂದು ಈಜುಕೊಳ, ಆಮೇಲೆ ಏಳು ಮೆಟ್ಟಿಲು, ಮರಳು, ಕಡಲು. ಅವತ್ತು ನೀರು ಎಷ್ಟು ಶಾಂತವಾಗಿತ್ತೆಂದರೆ ನನ್ನ ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದವಳು ಅರ್ಧ ಗಂಟೆ ವಾಪಸ್ ಬರಲಿಲ್ಲ.

ನಾನು ಹುಟ್ಟಿದ್ದು ಇದೇ ಸೀಮೆಯಲ್ಲಾದರೂ ಘಟ್ಟದ ಬುಡದಲ್ಲಿ. ಚಿಕ್ಕಂದಿನಲ್ಲಿ ಕಡಲು ಕಾಣುತ್ತಿದ್ದದ್ದು ವರ್ಷಕ್ಕೊಮ್ಮೆ, ಕರ್ಕಾಟಕ ಅಮಾವಾಸ್ಯೆಯ ಜಾತ್ರೆಗೆ ಮರವಂತೆಗೆ ಹೋದಾಗ. ಅಪ್ಪ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದು ಅಲೆಯ ಅಂಚಿನಲ್ಲಿ ಮುಳುಗಿಸಿ ಎಬ್ಬಿಸುತ್ತಿದ್ದರು. ಹದಿನೇಳಕ್ಕೆ ಬೆಂಗಳೂರಿಗೆ ಹೋದೆ. ಚಿಕ್ಕಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತು ಕಲಿತು, ಮುಂದೆ ಸ್ವಂತ ಹೋಟೆಲ್ ಇಟ್ಟೆ. ಬೆಳಗಿನ ನಾಲ್ಕೂವರೆಗೆ ಇಡ್ಲಿ ಬಾಯ್ಲರ್ ಹೊತ್ತಿಸಿ ರಾತ್ರಿ ಹನ್ನೊಂದಕ್ಕೆ ಷಟರ್ ಎಳೆಯುವ ಬದುಕಿನಲ್ಲಿ ಇಪ್ಪತ್ತೆಂಟು ವರ್ಷ ಕಳೆಯಿತು. ಅಷ್ಟೂ ವರ್ಷ ನನ್ನನ್ನು ನಡೆಸಿದ್ದು ಒಂದೇ ಆಸೆ: ಕಿಟಕಿ ತೆಗೆದರೆ ಕಡಲು ಕಾಣುವ ಮನೆ. ಮಗನಿಗೆ ಹೋಟೆಲ್ ವಹಿಸಿದ ಮೇಲೆ ಕೈಯಲ್ಲಿ ದುಡ್ಡೂ ಇತ್ತು. ಮನೆಯ ಮಾಲೀಕರು ಗಲ್ಫಿನಲ್ಲಿದ್ದವರು, 2012ರಲ್ಲಿ ಕಟ್ಟಿಸಿದ್ದರು. ಕೇಳಿದ್ದು ಎರಡೂಕಾಲು ಕೋಟಿ.

ಚೆಕ್ ಜೇಬಿನಿಂದ ಹೊರಬಾರದಂತೆ ತಡೆದದ್ದು ಪಕ್ಕದ ಮೊಗವೀರ ಅಜ್ಜ. ಗಾಳಿಮರದ ಬುಡದಲ್ಲಿ ಬಲೆ ಹೊಲಿಯುತ್ತಿದ್ದವರು ನನ್ನ ಮಾತು ಕೇಳಿ ನಮ್ಮ ಕಡೆಯವನೇ ಎಂದು ಗುರುತು ಹಿಡಿದರು. ವಿಷಯ ಹೇಳಿದೆ. ಸೂಜಿ ನಿಲ್ಲಿಸದೆ ಅಂದರು: "ಹ್ವಾಯ್, ನೀವ್ ಕಂಡದ್ ಬ್ಯಾಸ್ಗಿ ಕಡ್ಲ್. ಮಳ್ಗಾಲ್ದಗೆ ಒಂದ್ ತಿಂಗ್ಳ್ ಇಲ್ಲೇ ಉಳ್ಕಂಡ್ ಕಾಣಿ, ಮತ್ತೆ ದುಡ್ ಕೊಡಿ."

ಅವತ್ತೇ ಮಾಲೀಕರಿಗೆ ಫೋನ್ ಮಾಡಿ, ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೆ 25,000ಕ್ಕೆ ಬಾಡಿಗೆಗೆ ಕೊಡಿ, ಆಮೇಲೆ ಖರೀದಿ ಮಾತಾಡೋಣ ಎಂದೆ. ಮಳೆಗಾಲದಲ್ಲಿ ಮನೆ ಹೇಗೂ ಖಾಲಿ ಬೀಳುತ್ತಿತ್ತು, ಒಪ್ಪಿದರು. ಈ ವ್ಯವಹಾರದಲ್ಲಿ ನಾನು ಮಾಡಿದ ಅತ್ಯುತ್ತಮ ಖರ್ಚು ಆ ಒಂದು ಲಕ್ಷ ರೂಪಾಯಿ.

ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳೆಲ್ಲ ಮೇಲೆ. ಊರಿನವರು ಕಡಲಿಗೆ ಬೆನ್ನು ಹಾಕಿ ಕೂರುವ ಕಾಲ ಅದು. ನಾವಿಬ್ಬರು ಮಾತ್ರ ಗಾಜಿನ ಬಾಗಿಲಿನ ಎದುರು ಕುರ್ಚಿ ಹಾಕಿ ಕೂತೆವು. ಮೊದಲ ವಾರ ಸೊಗಸಾಗಿತ್ತು, ಅದನ್ನು ಸುಳ್ಳೆನ್ನಲಾರೆ. ಮೋಡ ಕಡಲಿನ ಮೇಲಿಂದ ನಡೆದು ಬರುವುದನ್ನು ನೋಡಲು ಎರಡು ಕಣ್ಣು ಸಾಲದು. ಎರಡನೇ ವಾರಕ್ಕೆ ಗಾಜಿನ ಮೇಲೆ ಹಾಲಿನ ಕೆನೆಯಂಥದ್ದೊಂದು ಪೊರೆ ಕಟ್ಟಿತು. ಬೆರಳಿನಿಂದ ಒರೆಸಿ ನಾಲಗೆಗೆ ಇಟ್ಟೆ, ಶುದ್ಧ ಉಪ್ಪು. ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಕಟ್ಟುತ್ತಿತ್ತು. ಒಳಗೆ ಬೀರುವಿನಲ್ಲಿ ಮಡಿಸಿಟ್ಟ ರೇಷ್ಮೆ ಸೀರೆಗೆ ಬೂಷ್ಟು. ಬೆಂಕಿಪೆಟ್ಟಿಗೆ ಹತ್ತದು. ಗಾಳಿ ಜೋರಾದ ರಾತ್ರಿ ಬಾಗಿಲಿನ ಹಳಿಯ ಸಂದಿಯಿಂದ ನೀರು ಒಳಬಂದು, ಬಾತ್‌ಟವೆಲುಗಳನ್ನೆಲ್ಲ ಸುರುಳಿ ಸುತ್ತಿ ಒತ್ತಿದೆವು.

ಕಬ್ಬಿಣದ ಗೇಟಿಗೆ ತುಕ್ಕು ಹಿಡಿಯುವುದು ನಿರೀಕ್ಷಿಸಿದ್ದೇ. ನನ್ನನ್ನು ಬೆಚ್ಚಿಬೀಳಿಸಿದ್ದು ಬಾಲ್ಕನಿಯ ಸ್ಟೀಲ್ ಕಂಬಿ. ಸ್ಟೀಲ್ ವಿಚಾರ ನನಗೆ ಗೊತ್ತು. ಹೋಟೆಲಿನ ಅಡುಗೆಮನೆಯಲ್ಲಿ 304 ದರ್ಜೆಯ ಸಿಂಕು, ಟೇಬಲ್ಲು, ಸಾಂಬಾರಿನ ಪಾತ್ರೆ ಇಪ್ಪತ್ತೆಂಟು ವರ್ಷ ಬಿಸಿ, ಹುಳಿ, ಉಪ್ಪು ಎಲ್ಲ ತಿಂದು ಮಿರಮಿರ ಮಿಂಚುತ್ತಿತ್ತು. ಇಲ್ಲಿ ಅದೇ 304ರ ಕಂಬಿಯ ಮೇಲೆ ಚಹಾ ಚೆಲ್ಲಿ ಒಣಗಿದಂಥ ಕಂದು ಕಲೆ, ಬೆಸುಗೆ ಹಾಕಿದ ಕಡೆ ಸೂಜಿಮೊನೆಯಷ್ಟು ತೂತು. ಅಡುಗೆಮನೆಯ ಉಪ್ಪನ್ನು ನಾವು ದಿನವೂ ತೊಳೆಯುತ್ತೇವೆ, ಕಡಲಿನ ಉಪ್ಪು ಹಗಲೂ ರಾತ್ರಿ ಕೂತೇ ಇರುತ್ತದೆ. ಕಡಲ ಬದಿಗೆ ಬೇಕಾದ್ದು 316 ದರ್ಜೆ, ಅದರಲ್ಲಿ ಉಪ್ಪಿನ ತುಕ್ಕು ತಡೆಯುವ ಮಾಲಿಬ್ಡಿನಮ್ ಲೋಹ ಸೇರಿರುತ್ತದೆ, ಬೆಲೆಯೂ ಹೆಚ್ಚು. ಅದನ್ನೂ ಆಗಾಗ ಸಿಹಿನೀರಿನಲ್ಲಿ ತೊಳೆಯುತ್ತಿರಬೇಕು.

ಕಂಬಿಯದು ಹೋಗಲಿ, ಬದಲಾಯಿಸಬಹುದು. ಜುಲೈ ನಡುವೆ ಮಲಗುವ ಕೋಣೆಯ ತೊಲೆಯ ಅಡಿಯಲ್ಲಿ ಕೂದಲೆಳೆಯಂಥ ಉದ್ದ ಬಿರುಕು ಕಂಡೆ. ಪರಿಚಯದ ಸಿವಿಲ್ ಇಂಜಿನಿಯರನ್ನು ಕರೆಸಿದೆ. ಅವರು ಸಣ್ಣ ಸುತ್ತಿಗೆ ಹಿಡಿದು ತೊಲೆಯ ಉದ್ದಕ್ಕೂ ತಟ್ಟುತ್ತ ಹೋದರು. ಒಂದು ಕಡೆ ಟಣ್ ಟಣ್, ಮುಂದೆ ಮೂರು ಅಡಿ ಹೋದರೆ ಡಬ್ ಡಬ್, ಟೊಳ್ಳು ಮಡಕೆಯ ಹಾಗೆ. ಅಲ್ಲಿ ಉಳಿ ಇಟ್ಟು ಮೆಲ್ಲಗೆ ಹೊಡೆದರು, ಅಂಗೈಯಗಲದ ಕಾಂಕ್ರೀಟ್ ಚಕ್ಕೆ ಉದುರಿತು. ಒಳಗಿನ ಕಬ್ಬಿಣದ ಸರಳು ಪದರ ಪದರವಾಗಿ ಉಬ್ಬಿತ್ತು. ಉಗುರಿನಲ್ಲಿ ಕೆರೆದರೆ ಪುಡಿ ಕೈಗೆ ಬರುತ್ತಿತ್ತು.

ಅವರು ಬಿಡಿಸಿ ಹೇಳಿದ್ದಿಷ್ಟು. ಗಾಳಿಯಲ್ಲಿ ಬರುವ ಉಪ್ಪಿನ ಕ್ಲೋರೈಡ್ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಗೆ ಇಳಿಯುತ್ತ ಹೋಗುತ್ತದೆ. ಸರಳನ್ನು ಮುಟ್ಟಿದ ಮೇಲೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಹಾಗಾಗಿ ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕಡಲ ಗಾಳಿಗೆ ಒಡ್ಡಿಕೊಂಡ ಕಟ್ಟಡಕ್ಕೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು, ಸರಳಿನ ಮೇಲೆ 45 ಮಿ.ಮೀ. ದಪ್ಪ ಕಾಂಕ್ರೀಟಿನ ಹೊದಿಕೆ ಇರಬೇಕು, ಅಲೆಯ ತುಂತುರು ಬೀಳುವಲ್ಲಿ ಎಂ35 ಮತ್ತು 50 ಮಿ.ಮೀ. ಈ ಮನೆಯಲ್ಲಿ ಟೇಪು ಹಿಡಿದು ಅಳೆದರೆ ಹೊದಿಕೆ ಇದ್ದದ್ದು 20 ಮಿ.ಮೀ. ಬೆಂಗಳೂರಿನ ಮನೆ ಕಟ್ಟಿದ ಹಾಗೆ ಕಟ್ಟಿದ್ದರು. ಹತ್ತು ವರ್ಷದ ಮನೆಯ ತೊಲೆಗಳ ರಿಪೇರಿಗೇ 18 ಲಕ್ಷ ಬೇಕೆಂದು ಅಂದಾಜು ಕೊಟ್ಟರು. ಹೊಸ ಬಣ್ಣ ಬಳಿದ ಮನೆ ಜನವರಿಯಲ್ಲಿ ಎಷ್ಟು ಚಂದ ಕಂಡಿತ್ತು! ಕಡಲ ಬದಿಯ ಮನೆ ನೋಡಲು ಹೋಗುವವರು ಒಂದು ಸಣ್ಣ ಸುತ್ತಿಗೆ ಜೊತೆಗೆ ಒಯ್ಯಿರಿ. ಮಾಲೀಕರು ಬೇಡ ಅಂದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು.

ಆ ತಿಂಗಳ ಅಮಾವಾಸ್ಯೆಯ ಸುತ್ತ ಕಡಲು ಮೇಲೆ ಬಂತು. ರಾತ್ರಿ ಎರಡರ ಸುಮಾರಿಗೆ ಮಂಚ ಅಲುಗಿದ ಹಾಗಾಗಿ ಎಚ್ಚರಾಯಿತು. ಕನಸೇನೋ ಅಂದುಕೊಂಡೆ. ಅಲ್ಲ, ಅಲೆಗಳು ತಡೆಗೋಡೆಯ ಬಂಡೆಗೆ ಬಡಿದಾಗ ನೆಲವೇ ನಡುಗುತ್ತಿತ್ತು. ಕರೆಂಟು ಸಂಜೆಯಿಂದಲೇ ಇರಲಿಲ್ಲ. ಟಾರ್ಚ್ ಬಿಟ್ಟರೆ ಈಜುಕೊಳದ ಆಚೆ ನೊರೆ ಬಿಟ್ಟು ಬೇರೇನೂ ಕಾಣದು. ಹೆಂಡತಿ ನನ್ನ ಮಣಿಕಟ್ಟು ಹಿಡಿದುಕೊಂಡಳು, ಥೇಟ್ ಅಪ್ಪ ಹಿಡಿಯುತ್ತಿದ್ದ ಹಾಗೆ. ಬೆಳಗಾಗುವ ತನಕ ಹಾಗೇ ಕೂತಿದ್ದೆವು. ಬೆಳಿಗ್ಗೆ ನೋಡಿದರೆ ಏಳು ಮೆಟ್ಟಿಲಲ್ಲಿ ನಾಲ್ಕೇ ಉಳಿದಿದ್ದವು. ಜನವರಿಯ ಮರಳು ಪೂರ್ತಿ ಮಾಯ.

ಮಳೆಗಾಲದ ಅಲೆ ದಡದ ಮರಳನ್ನು ಕಡಲೊಳಕ್ಕೆ ಎಳೆದೊಯ್ಯುವುದು, ಬೇಸಿಗೆಯ ಅಲೆ ಮೆಲ್ಲಗೆ ವಾಪಸ್ ತಂದು ಹಾಕುವುದು ಪ್ರತಿವರ್ಷದ ಲೆಕ್ಕ. ತಡೆಗೋಡೆ ಹಾಕಿದ ಕಡೆ ಈ ಲೆಕ್ಕ ತಪ್ಪುತ್ತದೆ. ಬಂಡೆಗೆ ಹೊಡೆದ ಅಲೆ ಹಿಂದೆ ಪುಟಿಯುವಾಗ ಗೋಡೆಯ ಬುಡದ ಮರಳನ್ನೇ ಕೊರೆಯುತ್ತದೆ, ಗೋಡೆ ಮುಗಿದಲ್ಲಿ ಪಕ್ಕದವರ ದಡ ತಿನ್ನತೊಡಗುತ್ತದೆ. ಉಳ್ಳಾಲ, ಸೋಮೇಶ್ವರ, ಉಚ್ಚಿಲದಲ್ಲಿ ಕಡಲ್ಕೊರೆತದ ಸುದ್ದಿ ಇಲ್ಲದ ಮಳೆಗಾಲ ನನಗೆ ನೆನಪಿಲ್ಲ. ಅಜ್ಜನ ಮನೆಯವರು ದೋಣಿ ಎಳೆದಿಡುತ್ತಿದ್ದ ಜಾಗ ಈ ಬಂಗಲೆಯ ಗೋಡೆಯ ಉತ್ತರದ ತುದಿಯಲ್ಲಿತ್ತು, ಆ ವರ್ಷ ಅಲ್ಲಿ ಎರಡು ತೆಂಗಿನಮರ ಬಿದ್ದವು. ನನ್ನ ಕನಸಿನ ಮನೆ ಉಳಿಯಲು ಹಾಕಿದ ಕಲ್ಲು ಅವರ ಅಂಗಳ ತೆಗೆಯುತ್ತಿದೆ ಎಂಬುದು ಮನಸ್ಸಿಗೆ ತುಂಬ ನಾಟಿತು. ಜೊತೆಗೆ, ಅವರು ಕಡಲಿಗೆ ಇಳಿಯುತ್ತಿದ್ದ ಹಳೆಯ ಕಾಲುದಾರಿ ಈಗ ನಮ್ಮ ಕಾಂಪೌಂಡಿನೊಳಗಿತ್ತು.

ವಿಮೆ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುವವರಿಗೆ ಒಂದು ಮಾತು: ಪಾಲಿಸಿಯನ್ನು ಕೊನೆಯ ಪುಟದವರೆಗೆ ಓದಿ. ಗೃಹವಿಮೆಯಲ್ಲಿ ಚಂಡಮಾರುತ, ನೆರೆ, ಭೂಕುಸಿತ ಸೇರಿರುತ್ತವೆ. ಆದರೆ ಭೂಕುಸಿತದ ಕಲಮಿನಲ್ಲೇ ಕಡಲ್ಕೊರೆತ, ನದಿಕೊರೆತ ಸೇರುವುದಿಲ್ಲ ಎಂದು ಬರೆದಿರುತ್ತದೆ. ಸೆಂಟ್ಸ್ ಲೆಕ್ಕದಲ್ಲಿ ಕೊಂಡ ನೆಲ ಕಡಲಿಗೆ ಹೋದರೆ ಹೋದದ್ದೇ.

ಆಗಸ್ಟ್‌ನಲ್ಲಿ ಕಾಗದಪತ್ರ ತೆಗೆಸಿದೆ. ಪಹಣಿ, ಭೂಪರಿವರ್ತನೆ, ಋಣಭಾರ ಪತ್ರ ಎಲ್ಲ ಸರಿ ಇದ್ದವು. ಪಂಚಾಯಿತಿ ಲೈಸೆನ್ಸ್, ಡೋರ್ ನಂಬರ್ ಕೂಡ. ಇಲ್ಲದಿದ್ದದ್ದು ಸಿಆರ್‌ಝಡ್ ಅನುಮತಿ. ಸಿಆರ್‌ಝಡ್ ಅಂದರೆ ಕರಾವಳಿ ನಿಯಂತ್ರಣ ವಲಯ. ಅದರ ಮೊದಲ ಅಧಿಸೂಚನೆ ಬಂದದ್ದು 1991ರಲ್ಲಿ, ಆಮೇಲೆ 2011, 2019ರಲ್ಲಿ ಹೊಸವು ಬಂದವು. ಭರತದ ನೀರು ತಲುಪುವ ಗೆರೆಯಿಂದ 500 ಮೀಟರ್‌ವರೆಗೂ ಇದರ ವ್ಯಾಪ್ತಿ. ಮನೆ ಕಟ್ಟಿದಾಗ ಜಾರಿಯಲ್ಲಿದ್ದದ್ದು 2011ರದ್ದು. ಅದರಂತೆ ಗ್ರಾಮೀಣ ಭಾಗದ ಮೂರನೇ ವಲಯದಲ್ಲಿ ಮೊದಲ 200 ಮೀಟರ್ ಹೊಸ ಕಟ್ಟಡ ನಿಷಿದ್ಧ. 100ರಿಂದ 200 ಮೀಟರ್ ನಡುವೆ ಮೀನುಗಾರರಂಥ ಸಾಂಪ್ರದಾಯಿಕ ಕರಾವಳಿ ಸಮುದಾಯದವರು ವಾಸದ ಮನೆ ಕಟ್ಟಬಹುದು. ಹಳೆಯ ಅಧಿಕೃತ ಮನೆಯನ್ನು ಮಾತ್ರ 200 ಮೀಟರ್ ಒಳಗೆ ಎಲ್ಲಿದ್ದರೂ ಅದೇ ಅಳತೆಯಲ್ಲಿ ರಿಪೇರಿ ಮಾಡಬಹುದು. ನಕ್ಷೆ ಹಿಡಿದು ಅಳೆಸಿದರೆ ಬಂಗಲೆ ಇದ್ದದ್ದು 90 ಮೀಟರಿನಲ್ಲಿ. ಒಂದು ಹೆಂಚಿನ ಮನೆಯ ದುರಸ್ತಿ ಎಂದು ಲೈಸೆನ್ಸ್ ಪಡೆದು ಅದರ ನಾಲ್ಕು ಪಟ್ಟು ಕಟ್ಟಿದ್ದರು. 2019ರ ಅಧಿಸೂಚನೆ ಜನಸಾಂದ್ರತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚಿರುವ ಕಡೆ ನಿಷೇಧವನ್ನು 50 ಮೀಟರಿಗೆ ಇಳಿಸಿದೆ, ಉಳಿದ ಕಡೆ 200 ಹಾಗೇ ಇದೆ. "ಈಗ ಕಾನೂನು ಸಡಿಲ ಆಗಿದೆ ಸಾರ್" ಎನ್ನುವ ಬ್ರೋಕರ್ ಮಾತಿಗೆ, ಈ ಊರು ಯಾವ ಸಾಲಿಗೆ ಬರುತ್ತದೆ ಎಂದು ಮರುಪ್ರಶ್ನೆ ಹಾಕಬೇಕು.

ನನ್ನ ವಕೀಲರು ಮರಡು ನೆನಪಿಸಿದರು. ಕೊಚ್ಚಿಯ ಪಕ್ಕದ ಮರಡುವಿನಲ್ಲಿ ಹಿನ್ನೀರಿನ ದಡದ ನಾಲ್ಕು ವಸತಿ ಸಮುಚ್ಚಯಗಳನ್ನು ಇದೇ ನಿಯಮ ಮೀರಿದ್ದಕ್ಕೆ ಕೆಡವಬೇಕೆಂದು ಸುಪ್ರೀಂ ಕೋರ್ಟ್ 2019ರ ಮೇನಲ್ಲಿ ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಉರುಳಿಸಿದರು. ಅಲ್ಲಿ ಫ್ಲ್ಯಾಟ್ ಕೊಂಡವರೂ ನನ್ನಂತೆಯೇ ಬದುಕಿಡೀ ಕೂಡಿಟ್ಟವರು, ಸ್ಥಳೀಯ ಸಂಸ್ಥೆಯ ಪರವಾನಗಿ ನೋಡಿಯೇ ದುಡ್ಡು ಕೊಟ್ಟವರು. ಅದನ್ನು ಟಿವಿಯಲ್ಲಿ ನೋಡಿದ್ದೆ. ನನಗೂ ಸಂಬಂಧಪಟ್ಟ ಸಂಗತಿ ಅಂತ ಆಗ ಹೊಳೆದಿರಲಿಲ್ಲ.

ಬಾವಿಯ ನೀರು ಮಳೆಗಾಲದಲ್ಲಿ ಎಳನೀರಿನ ಹಾಗಿತ್ತು. ಏಪ್ರಿಲ್‌ನಲ್ಲಿ ಬಂದು ನೋಡಿ ಎಂದು ಅಜ್ಜನ ಸೊಸೆ ಹೇಳಿದ್ದರಿಂದ ಮುಂದಿನ ಬೇಸಿಗೆಯಲ್ಲಿ ಹೋಗಿ ಒಂದು ಬಾಟಲಿ ತುಂಬಿಸಿ ಅಳತೆ ಮಾಡಿಸಿದೆ. ಕರಗಿದ ಲವಣ ಲೀಟರಿಗೆ 1,900 ಮಿಲಿಗ್ರಾಂ. ಕುಡಿಯುವ ನೀರಿಗೆ 500 ಒಪ್ಪಿಗೆ, ಬೇರೆ ದಾರಿಯೇ ಇಲ್ಲದಿದ್ದರೆ 2,000ದವರೆಗೆ. ಈಜುಕೊಳಕ್ಕೂ ತೋಟಕ್ಕೂ ಪಂಪು ಹಾಕಿ ಎಳೆದಷ್ಟೂ ಕೆಳಗಿನಿಂದ ಉಪ್ಪುನೀರು ಏರುತ್ತದೆ. ಅದೇ ಸೆಲೆಯ ಬಾವಿಗಳು ಅಕ್ಕಪಕ್ಕದ ಮನೆಯವರವೂ.

ಸೆಪ್ಟೆಂಬರ್ ಕೊನೆಗೆ ಗಲ್ಲಾದಲ್ಲಿ ಕೂತ ಅಭ್ಯಾಸದಂತೆ ಲೆಕ್ಕ ಬರೆದೆ. ಕಾವಲುಗಾರನ ಸಂಬಳ 1,80,000; ಎರಡು ವರ್ಷಕ್ಕೊಮ್ಮೆ ಬಣ್ಣ, ವರ್ಷದ ಪಾಲು 1,20,000; ಏಸಿ, ಪಂಪು, ಗೇಟು, ಬಾಗಿಲ ಹಳಿ 1,10,000; ಕೊಳ, ತೋಟ 70,000; ಡೀಸೆಲ್, ಟ್ಯಾಂಕರ್ 50,000. ವರ್ಷಕ್ಕೆ 5,30,000. ಎರಡೂಕಾಲು ಕೋಟಿಯನ್ನು ಶೇಕಡಾ 6ಕ್ಕೆ ಠೇವಣಿ ಇಟ್ಟರೆ ಬರುವ 13,50,000 ಬಡ್ಡಿ ಬೇರೆ. ನಾವಿಬ್ಬರೇ ಇರುವ ಮನೆಗೆ ವರ್ಷಕ್ಕೆ 18,80,000, ತೊಲೆಯ ರಿಪೇರಿ ಬಿಟ್ಟು. ಚೀಟಿ ಓದಿ ಹೆಂಡತಿ ಬಹಳ ಹೊತ್ತು ಸುಮ್ಮನಿದ್ದಳು. "ಮೂರ್ ಮೆಟ್ಲ್ ಹೋಯ್ತಲೆ, ಅದನ್ ಬರಿಲಿಲ್ಯಾ?" ಅಂದಳು. ಚೆಕ್ ಹರಿದು ಹಾಕಿದೆ. ಆ ರಾತ್ರಿ ಇಬ್ಬರಿಗೂ ಅಳು ಬಂತು, ಹೇಳಿಕೊಳ್ಳಲು ಸಂಕೋಚವಿಲ್ಲ.

ಕೋಟೇಶ್ವರದ ಕಡೆ ಹೆದ್ದಾರಿಯ ಪೂರ್ವಕ್ಕೆ ಒಂಬತ್ತು ಸೆಂಟ್ಸ್ ಕೊಂಡೆವು, ಕಡಲಿನಿಂದ ಹೆಚ್ಚುಕಡಿಮೆ ಎರಡು ಕಿ.ಮೀ. ಸಿಆರ್‌ಝಡ್ ಭರತ ಇಳಿತವಿರುವ ಹೊಳೆಗಳ ದಡಕ್ಕೂ ಅನ್ವಯಿಸುವುದರಿಂದ ಹತ್ತಿರದ ಹೊಳೆಯಿಂದಲೂ ಅಳೆಸಿದೆ. ಕೆಂಪುಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಮರದ ಕಿಟಕಿ, ಪಡುಗಾಳಿಗೆ ಮೂರಡಿ ಇಳಿಮಾಡು. ನಮ್ಮ ಹಿರಿಯರು ಜಡಿಮಳೆಗೆ ಕಂಡುಕೊಂಡ ಕ್ರಮ ಅದು, ಅದಕ್ಕಿಂತ ಒಳ್ಳೆಯದು ನನಗೆ ತೋಚಲಿಲ್ಲ. ಕಾಂಕ್ರೀಟ್ ಇರುವಲ್ಲಿ ನಾನೇ ನಿಂತು, ಸರಳಿನ ಅಡಿಗೆ 45 ಮಿ.ಮೀ. ಬಿಲ್ಲೆ ಇಡಿಸಿಯೇ ಸುರಿಸಿದೆ. ಜಾಗ ಸೇರಿ 78 ಲಕ್ಷ ಆಯಿತು. ಸಂಜೆ ಐದಕ್ಕೆ ಸ್ಕೂಟರ್ ತೆಗೆದರೆ ಏಳು ನಿಮಿಷಕ್ಕೆ ಮರಳು. ರಾತ್ರಿ ಗಾಳಿ ಪಡುವಣದಿಂದ ಬೀಸಿದರೆ ಹಾಸಿಗೆಯಲ್ಲೇ ಕಡಲಿನ ಮೊರೆತ ಕೇಳುತ್ತದೆ. ಕಿಟಕಿಯಲ್ಲಿ ಕಡಲು ಕಾಣುವುದಿಲ್ಲ, ಆ ಕೊರತೆ ಇದ್ದೇ ಇದೆ.

ಬಂಗಲೆ ಇನ್ನೂ ಮಾರಾಟವಾಗಿಲ್ಲ. ಮೊನ್ನೆ ಹುಬ್ಬಳ್ಳಿಯ ದಂಪತಿ ನೋಡಲು ಬಂದಿದ್ದರು. ಅಜ್ಜನೇ ಅವರನ್ನು ನನ್ನ ಹತ್ತಿರ ಕಳಿಸಿದರು. ಚಹಾ ಕೊಟ್ಟು, ಹಳೆಯ ಲೆಕ್ಕದ ಚೀಟಿ ತೋರಿಸಿ, ಸುತ್ತಿಗೆ ಹಿಡಿದು ಜೊತೆಗೇ ಹೋಗಿ ತೊಲೆ ತಟ್ಟಿ ಕೇಳಿಸಿದೆ. ಆಕೆ ಗಾಜಿನ ಬಾಗಿಲು ಬಿಟ್ಟು ಕದಲಲಿಲ್ಲ. ಹೊರಗೆ ನೀರು ಜನವರಿಯ ಹಾಗೇ ತಣ್ಣಗಿತ್ತು. ಜುಲೈ ಅಮಾವಾಸ್ಯೆಗೆ ಬಂದು ನಮ್ಮ ಮನೆಯಲ್ಲಿ ಉಳಿಯಿರಿ, ರಾತ್ರಿ ಇಲ್ಲಿಗೆ ನಾನೇ ಕರೆದುಕೊಂಡು ಬರುತ್ತೇನೆ ಎಂದೆ. ಬರುತ್ತೇವೆ ಅಂದಿದ್ದಾರೆ.